ಅಂಗಡಿಯ ಮೂಲೆ ಮತ್ತು ಅತ್ತೆಯ ಚಹಾ

ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯ ಕಿಟಕಿಯಿಂದ ಈಶ್ವರ ಗುಡಿಯ ಕಳಸ ಕಾಣುತ್ತದೆ. ಮೊಣಕಾಲು ನೋವಿನಿಂದ ಗುಡಿಗೆ ಹೋಗಲಾರದ ನಮ್ಮ ಅತ್ತೆಗೆ ಆ ಕಿಟಕಿಯೇ ಗುಡಿ. ಮುಂಜಾನೆ ಕಳಸಕ್ಕೆ ಕೈ ಮುಗಿಯದೆ ಅವರು ಚಹಾ ಮುಟ್ಟುವುದಿಲ್ಲ.

ಎದುರು ಮೂಲೆಯ ಹಳೆಯ ಹತ್ತಿ ಗೋದಾಮು ಕೆಡವಿ, ಬಟ್ಟೆ, ಪಾತ್ರೆ, ಕಿರಾಣಿ ಎಲ್ಲ ಮಾರುವ ಮೂರಂತಸ್ತಿನ ಅಂಗಡಿ ಕಟ್ಟಲು ಶುರುವಾದಾಗ ಅತ್ತೆಗೆ ಚಿಂತೆ ಹತ್ತಿತು.

"ಗ್ವಾಡಿ ಎದ್ದು ನಿಂತರ ನನ್ನ ಸ್ವಾಮಿ ಹೆಂಗ ಕಾಣಬೇಕು?"

"ದೇವರಿಗೆ ನಿಮ್ಮ ಮನಿ ಗೊತ್ತೈತಿ ಬಿಡ್ರಿ ಅತ್ತಿ. ಹಂಗ ಕೈ ಮುಗದು ಚಾ ಕುಡೀರಿ."

"ಅವಂಗ ಗೊತ್ತೈತಿ. ನನ್ನ ಕಣ್ಣಿಗೆ ಗೊತ್ತಾಗಬೇಕಲ್ಲ!"

ಗೋಡೆ ಏರಿತು. ಆದರೆ ರಸ್ತೆ ಕೂಡುವ ಮೂಲೆಗೆ ಬಂದಾಗ ನೆಟ್ಟಗೆ ಹೋಗದೆ, ಸೌತೆಕಾಯಿಯ ತುದಿ ಕೊಯ್ದಂತೆ ಓರೆಯಾಗಿ ತಿರುಗಿತು. ಆ ಸಂದಿಯಲ್ಲಿ ಕಳಸ ಮೊದಲಿನ ಹಾಗೇ ಹೊಳೆಯುತ್ತಿತ್ತು. ಯಾರೋ ನಮ್ಮ ಅತ್ತೆಯ ಮಾತು ಕೇಳಿ ಮೂಲೆ ಬಿಟ್ಟಿದ್ದಾರೆ ಅಂದುಕೊಂಡು, ಶೇಂಗಾ ಹೋಳಿಗೆ ಕಟ್ಟಿಕೊಂಡು ಅಲ್ಲಿಯ ಎಂಜಿನಿಯರರ ಹತ್ತಿರ ಹೋದೆ.

ಅವರು ನಕ್ಕರು. "ಅಕ್ಕಾರ, ಹೋಳಿಗಿ ತಿಂತೇನಿ, ಖರೆ ಹೇಳತೇನಿ. ದೊಡ್ಡ ಅಂಗಡಿ ಮೂಲಿ ಕೊಯ್ದಿರಬೇಕು ಅಂತ ನಿಯಮ ಐತ್ರಿ. ತಿರುಗೋ ಗಾಡಿಯವರಿಗೆ ಆ ಕಡಿಯಿಂದ ಬರೋ ಗಾಡಿ ಕಾಣಬೇಕಲ್ಲ."

ನಿಯಮದಲ್ಲಿದ್ದ ಉಳಿದದ್ದನ್ನೂ ನಕ್ಷೆ ಬಿಡಿಸಿ ತೋರಿಸಿದರು. ರಸ್ತೆಯ ಕಡೆ ಬರೀ ಬೋಳು ಗೋಡೆ ಇಡದೆ ಕಿಟಕಿ ಬಿಟ್ಟಿದ್ದರು, ನಡೆದು ಹೋಗುವವರ ನೆತ್ತಿಗೆ ನೆರಳು ಬೀಳಲೆಂದು ಛಜ್ಜಾ ಚಾಚಿದ್ದರು. ಬಿಸಿಗಾಳಿ ಉಗುಳುವ ಯಂತ್ರಗಳು ಹಿಂದಕ್ಕೆ. ಅಂಗಡಿಯೊಳಗೆ ಕಾಲಿಡದವರ ಬಗ್ಗೆಯೂ ಇಷ್ಟೊಂದು ವಿಚಾರ ಮಾಡಿದವರು ಯಾರೋ! ಶಿವನೇ ಅಂದುಕೊಂಡು ನಿಂತೇಬಿಟ್ಟೆ.

"ಇನ್ನ ಬೋರ್ಡ್ ಒಂದೈತ್ರಿ," ಎಂದರು ಅವರು. "ಮೂಲಿಯಿಂದ ರಸ್ತಿ ಕಡಿ ಚಾಚಿರಬೇಕು ಅಂತಾರ ಮಾಲಕರು. ಗ್ವಾಡಿಗೆ ಅಂಟಿರಬೇಕು ಅಂತೇನಿ ನಾ. ನೋಡೋಣು."

ಚಾಚಿದರೆ ಕಳಸ ಮುಚ್ಚುತ್ತದೆ. ಮನೆಗೆ ಬಂದು ಅತ್ತೆಗೆ ನಿಯಮದ ಸಂಗತಿ ಹೇಳಿದೆ, ಬೋರ್ಡಿನದು ಹೇಳಲಿಲ್ಲ.

ಬೋರ್ಡ್ ಬಂದದ್ದು ಒಂದು ಸೋಮವಾರ, ಬೆಳಕು ಹರಿಯುವ ಮೊದಲೇ. ಕ್ರೇನು ಅದನ್ನು ಎತ್ತಿ ನಿಲ್ಲಿಸಿತು. ನಮ್ಮ ಕಿಟಕಿ ತುಂಬ ಬರೀ ಬೋರ್ಡಿನ ಬೆನ್ನು. ಅತ್ತೆ ಕತ್ತು ಚಾಚಿ ಕಳಸ ಹುಡುಕಿದರು. ಇಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಕೆಳಗೆ ಅಂಗಡಿಯ ಮಾಲಕರು ಮತ್ತು ಎಂಜಿನಿಯರರ ಮಾತು ಕೇಳುತ್ತಿತ್ತು.

"ಇಷ್ಟ ರೊಕ್ಕಾ ಹಾಕೇನಿ, ಹೆಸರು ಕಾಣಬಾರದೇನು?"

"ಹೆಸರು ಕಾಣತೈತ್ರಿ ಸಾವಕಾರ್ರ. ರಸ್ತೀನೂ ಕಾಣಲಿ."

ಸಾಹುಕಾರರು ಗೊಣಗಿ ಕೈ ಬೀಸಿದರು. ಬೋರ್ಡ್ ಮೆಲ್ಲಗೆ ತಿರುಗಿ ಗೋಡೆಗೆ ಹೋಗಿ ಕೂತಿತು. ಅದರ ಪಕ್ಕದಲ್ಲಿ, ಆಗಷ್ಟೇ ಬಿದ್ದ ಬಿಸಿಲಿನಲ್ಲಿ ಕಳಸ. ದಿನಾ ನೋಡುವ ಕಳಸ ಅಂದು ಹೊಸದಾಗಿ ಕೊಟ್ಟಂತಿತ್ತು.

ಅತ್ತೆ ಕೈ ಮುಗಿದರು. ಬಹಳ ಹೊತ್ತು ಇಳಿಸಲಿಲ್ಲ.

"ನಿಯಮ ಬರದಂವ ಯಾವ ಊರಾಂವ ಅಂತ?"

"ಯಾರಿಗ್ ಗೊತ್ರಿ ಅತ್ತಿ."

"ಎಲ್ಲೇ ಇರಲಿ, ತಣ್ಣಗಿರಲಿ ಅವನ ಹೊಟ್ಟಿ. ಏ, ಚಾ ಆರೇತಿ ನೋಡು, ಬಿಸಿ ಮಾಡ್ಕೊಂಡು ಬಾ."