ಡ್ರೈವರ್ ಯಲ್ಲಯ್ಯನ ರಕ್ತ

ಗುಬ್ಬಿಯಿಂದ ತುಮಕೂರು ದಾಟಿ ಕುಣಿಗಲ್‌ಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಯಲ್ಲಯ್ಯ ಬೀಡಿ ಸೇದುತ್ತಾನೆಂಬುದು ಕುಣಿಗಲ್ ಸ್ಟ್ಯಾಂಡಿನ ಹೂವಿನವಳಿಂದ ಹಿಡಿದು ಪಂಚರ್ ಅಂಗಡಿಯವನವರೆಗೆ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರಬೇಕಾದವನು ಒಬ್ಬನೇ, ಅದೇ ಬಸ್ಸಿನ ಕಂಡಕ್ಟರ್, ಅವನ ಅಣ್ಣ ಓಬಳಯ್ಯ.

ಅಪ್ಪ ಸತ್ತ ಮೇಲೆ ತಮ್ಮನನ್ನು ಸಾಕಿ, ಕ್ಲೀನರ್ ಕೆಲಸಕ್ಕೆ ಹಚ್ಚಿ, ಲೈಸೆನ್ಸ್ ಮಾಡಿಸಿಕೊಟ್ಟವನು ಓಬಳಯ್ಯ. ಅಂಥವನ ಎದುರು ಬೀಡಿ ಹಚ್ಚುವುದುಂಟೇ? ಮಗಳ ಮದುವೆ ಮಾಡಿ ತಲೆ ನೆರೆತರೂ ಯಲ್ಲಯ್ಯ ಬಸ್ಸಿನ ಹಿಂದೆ ಅವಿತುಕೊಂಡೇ ಸೇದುತ್ತಿದ್ದ. ಓಬಳಯ್ಯ ಆ ಕಡೆ ಬರುವ ಮುಂಚೆ ಜೋರಾಗಿ ಒಮ್ಮೆ ಕೆಮ್ಮುತ್ತಿದ್ದ. ಬೀಡಿ ಎಸೆದು ಕಾಲಲ್ಲಿ ಹೊಸಕಲು ಅಷ್ಟು ಹೊತ್ತು ಸಾಕು. ಇದನ್ನು ಸುಳ್ಳು ಎನ್ನುವವರು ಅಣ್ಣತಮ್ಮಂದಿರ ಜೊತೆ ಬಾಳಿದವರಲ್ಲ, ಬಿಡಿ.

2005ರಲ್ಲಿ ಈ ಮರ್ಯಾದೆಯೇ ಎಡವಟ್ಟು ಮಾಡಿತು. ಗುಬ್ಬಿಯಿಂದ ತುಮಕೂರಿಗೆ ದಿನಾ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಎಂ.ಎಸ್ಸಿ. ಹುಡುಗಿ ನೇತ್ರಾವತಿ ಪ್ರಾಜೆಕ್ಟೊಂದನ್ನು ಹಿಡಿದಿದ್ದಳು. ಬೀಡಿ, ಸಿಗರೇಟು ಸೇದುವವರ ರಕ್ತದ ಬಿಳಿ ಕಣಗಳೊಳಗಿನ ಡಿಎನ್ಎಗೆ ಎಷ್ಟು ಪೆಟ್ಟು ಬೀಳುತ್ತದೆ, ಕಣ ಅದನ್ನು ಹೇಗೆ ಸರಿಮಾಡಿಕೊಳ್ಳುತ್ತದೆ ಎಂದು ನೋಡುವ ಕೆಲಸ. ಎಲ್ಲರೂ ಒಂದೇ ಡೀಸೆಲ್ ಹೊಗೆ ಕುಡಿದವರಾಗಿರಲಿ ಎಂದು ಡ್ರೈವರುಗಳನ್ನೇ ಆರಿಸಿದಳು. ಲ್ಯಾಬ್ ಟೆಕ್ನೀಷಿಯನ್ ಒಬ್ಬರನ್ನು ಕರೆದುಕೊಂಡು ಗುಬ್ಬಿ ಸ್ಟ್ಯಾಂಡಿಗೆ ಬಂದವಳು ಕೇಳಿದಳು: "ಯಲ್ಲಣ್ಣ, ನೀವು ಬೀಡಿ ಸೇದ್ತೀರಾ?"

ಅಣ್ಣ ಪಕ್ಕದಲ್ಲೇ ನಿಂತಿದ್ದ. "ಇಲ್ಲ ಕಣವ್ವ, ಮುಟ್ಟೇ ಇಲ್ಲ" ಎಂದ ಯಲ್ಲಯ್ಯ.

"ನಮ್ ಯಲ್ಲ ಅಂಥೋನಲ್ಲ" ಎಂದು ಓಬಳಯ್ಯ ರೆಪ್ಪೆ ಅಲ್ಲಾಡಿಸದೆ ಸಾಕ್ಷಿ ಹೇಳಿದ. ಟೆಕ್ನೀಷಿಯನ್ ತೆಗೆದ ಯಲ್ಲಯ್ಯನ ರಕ್ತ, ಬೀಡಿ ಸೇದದವರ ಗುಂಪಿಗೆ ಸೇರಿತು.

ಒಂದು ಬೆಳಿಗ್ಗೆ ನೇತ್ರಾವತಿ ಅತ್ತು ಕೆಂಪಾದ ಕಣ್ಣಲ್ಲಿ ಬಸ್ ಹತ್ತಿದಳು. ಡ್ರೈವರ್ ಸೀಟಿನ ಹತ್ತಿರ ನಿಂತು ಹೇಳಿದಳು: "ಯಲ್ಲಣ್ಣ, ನಿಮ್ ರಕ್ತ ಬೀಡಿ ಸೇದೋರ ರಕ್ತದ ಥರಾನೇ ಕಾಣ್ತಿದೆ. ನಾನು ಟ್ಯೂಬ್ ಅದಲುಬದಲು ಮಾಡಿದೀನಿ ಅಂತಾರೆ ನಮ್ ಗೈಡ್ ಮೇಡಂ. ಇವತ್ತು ಎಲ್ಲಾ ಎಸೆದು ಮೊದಲಿಂದ ಮಾಡು ಅಂದ್ರು. ಈ ವರ್ಷ ಹೋಯ್ತು."

"ಮಿಷನ್ ಕೆಟ್ಟಿರ್ಬೇಕು ಕಣವ್ವ" ಎಂದ ಓಬಳಯ್ಯ.

ಯಲ್ಲಯ್ಯ ಅವಳ ಕೆಂಪು ಕಣ್ಣು ನೋಡಿದ. ತನ್ನ ಮಗಳ ವಯಸ್ಸಿನ ಹುಡುಗಿ, ತಪ್ಪಿಲ್ಲದೆ ಬೈಸಿಕೊಳ್ಳುತ್ತಿದ್ದಾಳೆ. ಬಾಯಿ ಬಿಟ್ಟರೆ ಅಣ್ಣನ ಮಾತು ಬಸ್ಸಿನ ಜನರೆದುರು ಸುಳ್ಳಾಗುತ್ತದೆ. ಅವನು ಸ್ಟೇರಿಂಗ್ ಹಿಡಿದು, ರಸ್ತೆಯನ್ನೇ ನೋಡುತ್ತಾ ಅಂದ: "ಸೇದ್ತೀನಿ ಕಣವ್ವ. ದಿನಕ್ಕೊಂದ್ ಕಟ್ಟು. ನೀನು ಸರಿಯಾಗೇ ಮಾಡಿದ್ದೀಯ ಅಂತ ಹೇಳು ಅವ್ರಿಗೆ."

ಓಬಳಯ್ಯ ಹಿಂದಿನ ಬಾಗಿಲಿಗೆ ಹೋಗಿ, ಹತ್ತುವವರು ಯಾರೂ ಇಲ್ಲದಿದ್ದರೂ "ರೈಟ್, ರೈಟ್" ಎಂದು ಕೂಗಿದ.

ನೇತ್ರಾವತಿಯ ಮುಖ ಅರಳಿತು. ಯಲ್ಲಯ್ಯನದು ಬಾಡಿತು. ಅವನಪ್ಪ ಕೆಮ್ಮಿ ಕೆಮ್ಮಿಯೇ ಸತ್ತವನು. "ಹಂಗಾರೆ ನನ್ ರಕ್ತ ಸುಟ್ಟೋಗೈತಾ?"

"ಇಲ್ಲ ಅಣ್ಣ. ಒಳಗಿನ ಡಿಎನ್ಎ ಎಳೆ ಹರಿದ್ರೆ ಮೈಕ್ರೋಸ್ಕೋಪಲ್ಲಿ ಕಣಕ್ಕೆ ಬಾಲ ಬಂದಂಗೆ ಕಾಣುತ್ತೆ. ಕಣ ತಾನೇ ಹೊಲ್ಕೊಳ್ಳುತ್ತೆ. ನೀವು ಸೇದ್ತಾನೇ ಇದ್ರೆ ಅದಕ್ಕೆ ಪುರಸೊತ್ತು ಎಲ್ಲಿ?"

"ಪಂಚರ್ ಹಾಕೋ ಹೊತ್ಗೇ ಇನ್ನೊಂದ್ ಮೊಳೆ ಹೊಡ್ದಂಗೆ ಅನ್ನು."

ಯಲ್ಲಯ್ಯ ಬೀಡಿ ಬಿಟ್ಟ. ಸುಲಭವಾಗೇನೂ ಬಿಡಲಿಲ್ಲ. ಜೇಬಿನ ತುಂಬ ಏಲಕ್ಕಿ ಇಟ್ಟುಕೊಂಡು ಜಗಿದ, ಅಡ್ಡ ಬಂದ ಆಟೋದವರನ್ನೆಲ್ಲ ಬೈದ, ಎರಡು ಸಲ ಜಾರಿ ಮತ್ತೆ ಎದ್ದ. ಮನೆಯಲ್ಲಿ ಸಾರಿಗೆ ಉಪ್ಪಿಲ್ಲವೆಂದು ಜಗಳ ತೆಗೆದು, ಆಮೇಲೆ ಹೆಂಡತಿ ನರಸಿಂಹಮ್ಮನ ಬಳಿ ಹಲ್ಲು ಗಿಂಜಿದ. ಪಾಪ, ಆ ಹೆಣ್ಣುಮಗಳು ನುಂಗಿಕೊಂಡಳು. ಅಣ್ಣ ಮಾತ್ರ ಬೀಡಿಯ ವಿಷಯ ಎತ್ತಲೇ ಇಲ್ಲ. ಯಲ್ಲಯ್ಯನಿಗೆ ಅದೇ ಹೆಚ್ಚು ನೋಯುತ್ತಿತ್ತು.

ಮಾರನೇ ವರ್ಷ, ಪ್ರಾಜೆಕ್ಟು ಮುಗಿದಿದ್ದರೂ, ನೇತ್ರಾವತಿ ಅವನ ರಕ್ತವನ್ನು ಮತ್ತೆ ತೆಗೆಸಿ ನೋಡಿದಳು. ಬಸ್ಸು ಹೊರಡುವ ಮುಂಚೆ ಎರಡು ಫೋಟೋ ತಂದು ತೋರಿಸಿದಳು. ಹಳೆಯದರಲ್ಲಿ ಬಾಲದ ಚುಕ್ಕೆಗಳು. ಹೊಸದರಲ್ಲಿ ಹೆಚ್ಚಿನವು ದುಂಡಗಿದ್ದವು.

"ಪೂರ್ತಿ ಸರಿಹೋಯ್ತು ಅಂತ ಹೇಳಕ್ಕಾಗಲ್ಲ ಅಣ್ಣ. ಆದ್ರೆ ಮೊದಲಿಗಿಂತ ಎಷ್ಟೋ ವಾಸಿ."

ಯಲ್ಲಯ್ಯನಿಗೆ ಖುಷಿಯಲ್ಲಿ ಕಣ್ಣು ತುಂಬಿತು. ಆ ಫೋಟೋಗಳನ್ನು ಅವನ ಭುಜದ ಮೇಲಿಂದ ಓಬಳಯ್ಯನೂ ಬಹಳ ಹೊತ್ತು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿ ಕೈ ಮುಂದೆ ಚಾಚಿದ.

"ನಂದೂ ತಗೊಳವ್ವ."

"ನೀವು ಸೇದಲ್ವಲ್ಲ ಓಬಳಣ್ಣ?"

"ಸೇದ್ತೀನಿ. ಇವ್ನ್ ಎದ್ರಿಗೆ ಸೇದುದ್ರೆ ಇವ್ನೂ ಕಲ್ತುಬುಡ್ತಾನೆ ಅಂತ, ಹುಡುಗ್ನ ಕಣ್ ತಪ್ಸೇ ಸೇದ್ಕೊಂಡ್ ಬಂದೆ."

ಯಲ್ಲಯ್ಯ ಅಣ್ಣನ ಮುಖವನ್ನೇ ನೋಡಿದ. ನಗು ಬಂತು. ಸೀಟಿನಿಂದಲೇ ಅಂಗೈ ಚಾಚಿದ. "ಕೊಡಣ್ಣ ಇಲ್ಲಿ, ಆ ಕಟ್ಟು. ಇನ್ ನೀನೂ ಬುಡು."

ತಮ್ಮ ಹೀಗೆ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಓಬಳಯ್ಯ ಟಿಕೆಟ್ ಚೀಲದ ತಳಕ್ಕೆ ಕೈಹಾಕಿ, ಬೀಡಿ ಕಟ್ಟನ್ನು ತೆಗೆದು ಕೊಟ್ಟ.