ಶೀನಪ್ಪ ಕೈಬಿಡದ ಗೋಲ್‌ಕೀಪರ್

ನನ್ನ ಗಂಡ ಶೀನಪ್ಪ ಯಾವುದನ್ನೂ ಬಿಸಾಡುವ ಜನ ಅಲ್ಲ. ಶಾರ್ಜಾದ ಅಲ್ ನಹ್ದಾದಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಬಂದು ನೋಡಬೇಕು. ತಿರುಗದ ಎರಡು ಫ್ಯಾನು, ಕಾಲು ಮುರಿದ ಇಸ್ತ್ರಿ ಮೇಜು, ನಾನು ಮದುವೆಯಾಗಿ ಬಂದ ವರ್ಷ ಕೊಂಡ ಮಿಕ್ಸಿ, ಎಲ್ಲವೂ ಅಲ್ಲಿ ಸಾಲಾಗಿ ಕೂತಿವೆ. ಬಟ್ಟೆ ಒಣಗಿಸಲು ನನಗೆ ಉಳಿದಿರುವುದು ಎರಡು ಮೊಳ ಜಾಗ. ಕೇಳಿದರೆ, ‘ಇನ್ನೂ ಹಾಳಾಗ್ಲಿಲ್ಲ ಮಾರಾಯ್ತಿ’ ಎಂಬ ಒಂದೇ ಉತ್ತರ.

ಅವರ ಕೆಲಸವೂ ಹಾಗೆಯೇ. ಎಸಿಯ ಬಿಡಿಭಾಗ ಮಾರುವ ಕಂಪನಿಯೊಂದರ ಗೋದಾಮಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸ್ಟೋರ್‌ಕೀಪರ್. ಕೆಟ್ಟಿದೆ ಎಂದು ಗಿರಾಕಿ ವಾಪಸು ಕಳಿಸಿದ ಮೋಟಾರನ್ನು ಬೇರೆಯವರಾದರೆ ಗುಜರಿಗೆ ಎಸೆಯುತ್ತಾರೆ. ಇವರು ಅದನ್ನು ‘ಹೋಲ್ಡ್’ ಎಂದು ಬರೆದ ಕಪಾಟಿನಲ್ಲಿಟ್ಟು, ಬೇರೆ ಬೇರೆ ದಿನ ಮೂರು ಸಲ ಓಡಿಸಿ ನೋಡುತ್ತಾರೆ. ಮೂರು ಸಲವೂ ಓಡದಿದ್ದರೆ ಮಾತ್ರ ಗುಜರಿ. ಈ ಪದ್ಧತಿ ಕಂಪನಿಯದ್ದಲ್ಲ, ಇವರದ್ದೇ.

ವಾರಕ್ಕೆ ಮೂರು ಸಂಜೆ ಗೋದಾಮಿನಿಂದ ನೇರವಾಗಿ ಒಂದು ಖಾಸಗಿ ಕಾಲೇಜಿನ ಮೈದಾನಕ್ಕೆ ಹೋಗುತ್ತಾರೆ. ಅಲ್ಲಿ ಫುಟ್‌ಬಾಲ್ ಕೋಚ್. ದೊಡ್ಡ ಕೋಚ್ ಏನಲ್ಲ ಮತ್ತೆ. ಹರೆಯದಲ್ಲಿ ಕಾಪುವಿನ ಕಡಲ ಹೊಯಿಗೆಯಲ್ಲಿ ಬರಿಗಾಲಲ್ಲಿ ಆಡಿದವರು, ಇಲ್ಲಿಗೆ ಬಂದ ಮೇಲೆ ಹದಿನೈದು ದಿನದ ತರಬೇತಿ ಮುಗಿಸಿ ಒಂದು ಸರ್ಟಿಫಿಕೇಟು ತಂದವರು. ಈಗ ಐವತ್ತೆಂಟು ವರ್ಷ. ಮೆಟ್ಟಿಲು ಇಳಿಯುವಾಗ ಇವರ ಮಂಡಿಯ ಸದ್ದು ನನಗೆ ಕೋಣೆಯೊಳಗೆ ಕೇಳಿಸುತ್ತದೆ. ಆದರೂ ಆ ಮೂರು ಸಂಜೆ ಬಿಟ್ಟರೆ ಇವರಿಗೆ ಬೇರೆ ಸಂತೋಷ ಇಲ್ಲ. ಅದು ನನಗೆ ಗೊತ್ತು.

ಈ ವರ್ಷ ಇವರ ತಂಡದ ಗೋಲ್‌ಕೀಪರ್ ಫರಾಝ್. ಭಟ್ಕಳದ ಹುಡುಗ, ಹುಟ್ಟಿದ್ದು ಇಲ್ಲಿಯೇ. ಅಪ್ಪ ಅಬ್ದುಲ್ ಖಾದಿರ್ ಸಾಹೇಬರಿಗೆ ನೈಫ್ ಪೇಟೆಯಲ್ಲಿ ಬಟ್ಟೆ ಅಂಗಡಿ. ಹುಡುಗ ಎತ್ತರದ ಆಳು, ಕೈಯೂ ಉದ್ದ, ಮನಸ್ಸು ಮಾತ್ರ ತೀರಾ ಮೆತ್ತಗೆ. ಕಾಲೇಜುಗಳ ಲೀಗಿನ ಮೊದಲ ಎರಡು ಪಂದ್ಯ ಚೆನ್ನಾಗಿಯೇ ಆಡಿದ. ಮೂರನೆಯದರಲ್ಲಿ ಕೈಗೆ ಬಂದ ಚೆಂಡು ಕಾಲ ಸಂದಿಯಿಂದ ಒಳಗೆ ಹೋಯಿತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಇಡೀ ಕಾಲೇಜಿಗೆ ಹಂಚಿದರು. ಅಲ್ಲಿಂದ ಹುಡುಗ ಕೆಟ್ಟ. ಮುಂದಿನ ನಾಲ್ಕು ಪಂದ್ಯಗಳಲ್ಲಿ ಹನ್ನೆರಡು ಗೋಲು.

ಕಾಲೇಜಿನ ಕ್ರೀಡಾ ಅಧಿಕಾರಿ ಕಾನ್ರಾಡ್, ಮಂಗಳೂರಿನವರು, ಒಳ್ಳೆಯ ಮನುಷ್ಯ. ಅವರೇ ನನಗೆ ಫೋನು ಮಾಡಿದರು. ಕೊನೆಯ ಪಂದ್ಯ ಸೋತರೆ ತಂಡ ಕೆಳಗಿನ ಗುಂಪಿಗೆ ಇಳಿಯುತ್ತದೆ, ಆಮೇಲೆ ಮೇಲಿನವರು ಶೀನಣ್ಣನನ್ನು ಇಟ್ಟುಕೊಳ್ಳುವುದಿಲ್ಲ, ಪ್ರಿಯನ್ ಎಂಬ ಇನ್ನೊಬ್ಬ ಕೀಪರ್ ತಯಾರಿದ್ದಾನೆ, ನೀವಾದರೂ ಹೇಳಿ ಅಕ್ಕ ಎಂದರು. ನಾನು ಹೇಳಿದೆ. ಇವರು ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ ಕೂತರು. ಗೋಡೆಗೆ ಹೇಳಿದ್ದರೆ ಅದಾದರೂ ಮಾತನ್ನು ಹಿಂದಕ್ಕೆ ಕೊಡುತ್ತಿತ್ತು.

ನಾಲ್ಕು ಗೋಲು ತಿಂದ ಶನಿವಾರ ಫರಾಝನನ್ನು ಮನೆಗೇ ಕರೆದುಕೊಂಡು ಬಂದರು. ನಾನು ನೀರುದೋಸೆ ಹೊಯ್ಯುತ್ತಿದ್ದೆ. ಕೋಳಿ ಗಸಿ ಇತ್ತು. ಹುಡುಗ ಬಟ್ಟಲು ಮುಟ್ಟಲಿಲ್ಲ. ಬಾಲು ಬೇಡ, ಅಂಗಡಿಗೆ ಬಂದು ಕೂತುಕೋ ಎಂದು ಅಪ್ಪ ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ನನ್ನನ್ನು ತೆಗೆದುಬಿಡಿ ಸರ್ ಎಂದೂ ಹೇಳಿದ. ಇವರು ತಮ್ಮ ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದುದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಕೊನೆಗೆ ಒಂದು ಮಾತು ಹೇಳಿದರು:

“ನೋಡು ಫರಾಝ್, ನಿನ್ನನ್ನು ತೆಗಿಯುದಾದ್ರೆ ಮೊದ್ಲು ನಿನ್ನ ಮುಖ ನೋಡಿ ನಿಂಗೇ ಹೇಳ್ತೇನೆ. ಆಮೇಲೆ ಬೇರೆಯವ್ರಿಗೆ. ಅಲ್ಲಿವರೆಗೆ ನೀನೇ ನನ್ನ ಕೀಪರ್.”

ನಾನು ಗ್ಯಾಸು ಆರಿಸಿದೆ. ಮೈ ಉರಿದುಹೋಯಿತು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಸುಮ್ಮನೆ ಹೇಳಿದ್ದಲ್ಲ. ಈ ಮಾತು ನನ್ನ ಮಗನಿಗೆ ಸಲ್ಲಬೇಕಿತ್ತು, ಹನ್ನೊಂದು ವರ್ಷದ ಹಿಂದೆ.

ಆಗ ನಮ್ಮ ಸುಮಿತ್‌ಗೆ ಹದಿನೇಳು. ಅವನೂ ಗೋಲ್‌ಕೀಪರ್. ಊದ್ ಮೇಥಾದ ಮೈದಾನದಲ್ಲಿ ನಮ್ಮ ಊರಿನವರ ಸಂಘ ವರ್ಷಕ್ಕೊಮ್ಮೆ ಪಂದ್ಯಾಟ ನಡೆಸುತ್ತಿತ್ತು. ಸಂಘದ ಒಂದು ತಂಡಕ್ಕೆ ಇವರು ಕೋಚ್, ಸುಮಿತ್ ಕೀಪರ್. ಸೆಮಿಫೈನಲಿನಲ್ಲಿ ಅವನು ಒಂದು ಸುಲಭದ ಗೋಲು ಬಿಟ್ಟ, ಆದರೂ ತಂಡ ಗೆದ್ದಿತು. ಚಾ ಕುಡಿಯುವಲ್ಲಿ ನಾಲ್ಕು ಜನ, ಮಗನೆಂದು ಆಡಿಸುತ್ತಾನೆ ಎಂದು ಮಾತಾಡಿಕೊಂಡರು. ಇವರ ಕಿವಿಗೆ ಬಿತ್ತು. ಅಷ್ಟೇ. ಇವರಿಗೆ ಬೈದರೆ ತಡೆದುಕೊಳ್ಳುತ್ತಾರೆ, ನಾಲ್ಕು ಜನ ಪಿಸುಗುಟ್ಟಿದರೆ ಇವರಿಗೆ ಅನ್ನ ಸೇರುವುದಿಲ್ಲ.

ಫೈನಲು ಶುಕ್ರವಾರ. ಗುರುವಾರ ಮಧ್ಯಾಹ್ನ ಇವರು ತಂಡದ ಪಟ್ಟಿಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಸುಮಿತ್‌ನ ಹೆಸರು ಇರಲಿಲ್ಲ. ಆ ಗುಂಪಿನಲ್ಲಿ ದೊಡ್ಡವರು ಮಾತ್ರ, ಸುಮಿತ್ ಇರಲಿಲ್ಲ. ರಾತ್ರಿ ಮನೆಗೆ ಬಂದು ಅವನ ಎದುರೇ ಕೂತು ಹುರಿದ ಬಂಗುಡೆ ಮೀನು ಉಂಡರು, ಒಂದಕ್ಷರ ಹೇಳಲಿಲ್ಲ. ಬೆಳಿಗ್ಗೆ ಮೈದಾನಕ್ಕೆ ಗೆರೆ ಹಾಕಬೇಕೆಂದು ಬೇಗ ಎದ್ದು ಹೋದರು. ಹುಡುಗ ಗ್ಲೌಸು ಒರಸಿ, ಚೀಲ ಹೆಗಲಿಗೆ ಹಾಕಿ, ಗೆಳೆಯ ನಿಹಾಲನ ಅಪ್ಪನ ಕಾರಿನಲ್ಲಿ ಹೋದ. ಬೇರೆ ಹುಡುಗ ತನ್ನ ನಂಬರಿನ ಜರ್ಸಿ ತೊಟ್ಟು ಓಡುತ್ತಿರುವುದನ್ನು ಕಂಡಾಗಲೇ ಅವನಿಗೆ ಗೊತ್ತಾದದ್ದು. ನಿಹಾಲ್ ತನ್ನ ಅಪ್ಪನ ಮೊಬೈಲಿನಲ್ಲಿ ಪಟ್ಟಿ ತೋರಿಸಿದನಂತೆ. ಗುಜರಿ ಮೋಟಾರಿಗೆ ಮೂರು ಸಲದ ಅವಕಾಶ ಕೊಡುವ ಮನುಷ್ಯ ಸ್ವಂತ ಮಗನಿಗೆ ಒಂದು ಸಲವೂ ಕೊಡಲಿಲ್ಲ.

ಸುಮಿತ್ ಜಗಳ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಆ ದಿನದಿಂದ ಚೆಂಡು ಮುಟ್ಟಲಿಲ್ಲ, ಅಪ್ಪನ ಹತ್ತಿರ ಫುಟ್‌ಬಾಲಿನ ಮಾತು ಎತ್ತಲಿಲ್ಲ. ಈಗ ಅಬುಧಾಬಿಯಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಅಪ್ಪ ಮಗ ಮಾತಾಡುತ್ತಾರೆ, ಇಲ್ಲವೆಂದಲ್ಲ. ಕಾರಿನ ಟಯರು, ವೀಸಾ, ಇವರ ಬಿಪಿ. ಅಲ್ಲಿಗೆ ಖಲಾಸ್. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಮಾತು ಆಡದೆಯೇ ಹೋಯಿತು. ಹನ್ನೊಂದು ವರ್ಷ ಇವರಿಬ್ಬರ ನಡುವೆ ಬಟ್ಟಲು ದಾಟಿಸಿ ದಾಟಿಸಿ ನನಗೆ ಸುಸ್ತಾಗಿದೆ.

ಫರಾಝ್ ಹೋದ ಮೇಲೆ ನಾನು ಬಾಯಿ ಬಿಟ್ಟೆ. ಊರವರ ಮಗನಿಗೆ ಹೇಳಿದ್ದನ್ನು ನಿಮ್ಮ ಮಗನಿಗೆ ಹೇಳಿ, ತಪ್ಪಾಯಿತು ಎಂದು ಒಂದು ಮಾತು ಹೇಳಿ ಎಂದೆ. ಇವರು ನೆಲ ನೋಡಿದರು. “ಈಗ ಹೇಳಿ ಏನು ಪ್ರಯೋಜನ ಚಂದ್ರಾ” ಎಂದರು. ಅಟ್ಟ ಮೇಲೆ ಒಲೆ ಉರಿದು ಪ್ರಯೋಜನವಿಲ್ಲ ಎಂದು ನನಗೂ ಗೊತ್ತುಂಟು. ಆದರೂ ಒಲೆ ಆರಿಸುವವರು ಯಾರು?

ಕೊನೆಯ ಪಂದ್ಯದ ಶನಿವಾರ ಸುಮಿತ್ ಮನೆಯಲ್ಲಿದ್ದ. ಇವರು ಮೂರು ಗಂಟೆಗೇ ಹೊರಟರು. ಮಂಡಿಗೆ ಕಟ್ಟುವ ಪಟ್ಟಿ ಟೀಪಾಯಿಯ ಮೇಲೆ ಉಳಿದಿತ್ತು. ಇವರು ಮರೆತದ್ದು ನನಗೆ ಕಂಡಿತು, ನೆನಪಿಸಲಿಲ್ಲ. ಬಾಗಿಲು ಹಾಕಿಕೊಂಡ ಮೇಲೆ, ಅಯ್ಯೋ ಅಪ್ಪ ಪಟ್ಟಿ ಬಿಟ್ಟು ಹೋದರು, ನನ್ನನ್ನು ಅಲ್ಲಿಗೆ ಬಿಡು ಎಂದು ಸುಮಿತ್‌ಗೆ ಹೇಳಿದೆ. ಅವನು ನನ್ನ ಮುಖ ನೋಡಿದ. ನನ್ನ ನಾಟಕ ಗೊತ್ತಾಗಿರಬೇಕು. ಕಾರಿನ ಕೀಲಿ ತೆಗೆದುಕೊಂಡ.

ಕಾರು ನಿಲ್ಲಿಸುವ ಜಾಗ ಗೋಲಿನ ಹಿಂದಿನ ಬೇಲಿಯ ಪಕ್ಕದಲ್ಲೇ ಇತ್ತು. ಪಂದ್ಯ ಶುರುವಾಗಿತ್ತು. ಆಚೆ ಬದಿಯ ಗೋಲಿನಲ್ಲಿ ನಿಂತದ್ದು ಫರಾಝ್. ಬೆಂಚಿನ ಹತ್ತಿರ ಕಾನ್ರಾಡ್ ಎದೆಗೆ ಕೈಕಟ್ಟಿ ನಿಂತಿದ್ದರು. ಇವರು ಗೆರೆಯ ಪಕ್ಕದಲ್ಲಿ ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದರು, ಕೂಗುತ್ತಿರಲಿಲ್ಲ. ತಂಡಕ್ಕೆ ಪಂದ್ಯ ಸಮ ಆದರೂ ಸಾಕಿತ್ತು. ಸುಮಿತ್ ಇಳಿಯುವುದಿಲ್ಲ ಎಂದುಕೊಂಡಿದ್ದೆ. ಅವನು ಇಳಿದು ಬಂದು ಬೇಲಿಗೆ ಬೆರಳು ಸಿಕ್ಕಿಸಿ ನಿಂತ.

ಗೋಲು ಒಂದಕ್ಕೊಂದು ಆಗಿತ್ತು. ದ್ವಿತೀಯಾರ್ಧದಲ್ಲಿ ಹುಡುಗರು ಆ ಬದಿ ಈ ಬದಿ ಬದಲಾದಾಗ ಫರಾಝ್ ನಮ್ಮೆದುರಿನ ಗೋಲಿಗೆ ಬಂದ. ಎರಡು ಒಳ್ಳೆಯ ಚೆಂಡು ಹಿಡಿದ. ಹಿಡಿದಾಗ ಸುಮಿತ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಪಂದ್ಯ ಮುಗಿಯಲು ಐದು ನಿಮಿಷ ಇರುವಾಗ ಬದಿಯಿಂದ ಒಂದು ಎತ್ತರದ ಚೆಂಡು ಬಂತು. ಫರಾಝ್ ಎರಡು ಹೆಜ್ಜೆ ಮುಂದೆ ಬಂದ, ಯಾಕೋ ಹೆದರಿ ನಿಂತ, ಚೆಂಡು ಅವನ ತಲೆಯ ಮೇಲಿಂದ ಹೋಗಿ ಬಲೆಗೆ ಬಿತ್ತು. ಸೋತೆವು.

ಹುಡುಗರು ಹುಲ್ಲಿನ ಮೇಲೆ ಅಲ್ಲಲ್ಲಿ ಬಿದ್ದುಕೊಂಡರು. ಕಾನ್ರಾಡ್ ಇವರ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿ ಹೋದರು. ಇವರು ತಲೆ ಆಡಿಸಿದರು. ಆಮೇಲೆ ಇಡೀ ಮೈದಾನ ಕುಂಟುತ್ತ ದಾಟಿ ನಮ್ಮ ಕಡೆಯ ಗೋಲಿಗೆ ಬಂದರು. ಫರಾಝ್ ಕಂಬಕ್ಕೆ ಒರಗಿ ಮುಖಕ್ಕೆ ಗ್ಲೌಸು ಒತ್ತಿ ಕೂತಿದ್ದ. ಇವರಿಗೆ ಬೇಲಿಯ ಈಚೆ ನಾವಿದ್ದದ್ದು ಕಾಣಲಿಲ್ಲ. ಮಂಡಿ ಬಗ್ಗದೆ ಕಷ್ಟಪಟ್ಟು ಅವನ ಪಕ್ಕದಲ್ಲಿ ಕೂತರು.

“ಮಂಗಳವಾರ ಪ್ರಾಕ್ಟೀಸಿಗೆ ಬಾ. ಕೋಚ್ ಬೇರೆ ಬರ್ತಾರೆ. ಅವ್ರಿಗೆ ನಾನು ನಿನ್ನ ಬಗ್ಗೆ ಹೇಳಿಯೇ ಹೋಗ್ತೇನೆ. ನಿಂದೇನೂ ಮುಗಿಲಿಲ್ಲ, ಗೊತ್ತಾಯ್ತಾ?”

ಬೇಲಿಯ ಮೇಲಿದ್ದ ಸುಮಿತ್‌ನ ಬೆರಳು ಬಿಳಿಚಿದ್ದವು. ಅವನು ನನ್ನ ಕಡೆ ತಿರುಗದೆ ಹೇಳಿದ.

“ಅಪ್ಪನಿಗೆ ಹೇಳ್ಲಿಕ್ಕೆ ಬರ್ತದಲ್ಲಮ್ಮ. ಬರುದಿಲ್ಲ ಅಂತ ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ.”

ನನಗೆ ಅಳು ಬಂತು. ಮಂಡಿಯ ಪಟ್ಟಿ ಕೈಯಲ್ಲೇ ಇತ್ತು.

ಬರುವಾಗ ಮೂವರೂ ಸುಮಿತ್‌ನ ಕಾರಿನಲ್ಲೇ ಬಂದೆವು. ಇವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದರು. ಇವರ ಕಾರು ಕಾಲೇಜಿನಲ್ಲೇ ಇರಲಿ, ಆ ಮಂಡಿಯಲ್ಲಿ ಬ್ರೇಕು ಒತ್ತುವುದು ಬೇಡ ಎಂದು ಸುಮಿತ್ ಹೇಳಿದ್ದ. ಶಾರ್ಜಾದ ಕಡೆ ಎಂದಿನಂತೆ ವಾಹನಗಳು ಒತ್ತಿ ನಿಂತಿದ್ದವು. ಕೋಚ್ ಕೆಲಸ ಹೋಯಿತು ಎಂದು ಇವರೇ ಹೇಳಿದರು. ಹೌದಾ ಎಂದ ಸುಮಿತ್. ಇನ್ನು ಟಯರಿನ ಸುದ್ದಿ ಬರುತ್ತದೆ ಎಂದು ನಾನು ಕಾದೆ.

“ಸುಮಿತ್” ಎಂದರು ಇವರು ಹಿಂದಿನಿಂದ. “ಆ ದಿನ ಲಿಸ್ಟು ಹಾಕುವ ಮೊದ್ಲು ನಿಂಗೆ ಹೇಳ್ಬೇಕಿತ್ತು.”

ಅವನು ಕನ್ನಡಿಯಲ್ಲಿ ಅಪ್ಪನನ್ನು ನೋಡಿದ. “ಹೇಳಿದ್ರೂ ತೆಗೀತಿದ್ರಿ.”

“ತೆಗೀತಿದ್ದೆ” ಎಂದರು ಇವರು. “ಜನಕ್ಕೆ ಹೆದರಿ ತೆಗ್ದದ್ದು. ನೀನು ಕೆಟ್ಟ ಕೀಪರ್ ಅಂತ ಅಲ್ಲ. ಊಟಕ್ಕೆ ಕೂತಾಗ ಹೇಳುವಾ ಅಂತ ನಾಲ್ಕು ಸಲ ಬಾಯಿ ತೆರೆದೆ. ಆಗ್ಲಿಲ್ಲ.”

ಮುಂದಿನ ಗಾಡಿ ಸ್ವಲ್ಪ ಸರಿಯಿತು, ನಾವೂ ಸರಿದೆವು. ಹನ್ನೊಂದು ವರ್ಷದಿಂದ ನಾನು ಕೇಳಬೇಕೆಂದಿದ್ದ ಮಾತು ಬಂದಿತ್ತು. ನನಗೆ ಹಗುರಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಆ ಸಂಘದ ವಾಟ್ಸಾಪ್ ಗುಂಪಿನಲ್ಲಿ ನಾನೂ ಇದ್ದೆ. ಆ ಗುರುವಾರ ಮಧ್ಯಾಹ್ನ ನಾನು ಕೆಲಸ ಮಾಡುವ ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೂತು ಪಟ್ಟಿಯನ್ನು ಎರಡು ಸಲ ಓದಿದ್ದೆ. ಅಪ್ಪನಾದವರು ಹೇಳಲಿ, ನಾನೇಕೆ ಹೇಳಿ ಕೆಟ್ಟವಳಾಗಬೇಕು ಎಂದುಕೊಂಡು ಸುಮ್ಮನಿದ್ದೆ. ಅವನು ಗ್ಲೌಸು ಒರಸುವಾಗಲೂ ಸುಮ್ಮನಿದ್ದೆ. ಇಷ್ಟು ವರ್ಷ ಇವರ ಮೇಲೆ ಕಾರಿದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದ್ದೇ.

“ನಾನೂ ಆ ಲಿಸ್ಟು ನೋಡಿದ್ದೆ ಮಗಾ” ಎಂದೆ. “ನಂಗೂ ಗೊತ್ತಿತ್ತು.”

ಸುಮಿತ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ನಂಗೊತ್ತುಂಟು ಅಮ್ಮ. ಆ ರಾತ್ರಿ ನಿನ್ನ ಪಾಲಿನ ಬಂಗುಡೆಯನ್ನೂ ನನ್ನ ಬಟ್ಟಲಿಗೇ ಹಾಕಿದ್ದಿ.”