ಹಲಸಿಲ್ಲದ ಮರದ ಕೆಳಗಿನ ಆನೆ

ಇವತ್ತು ಬೆಳಿಗ್ಗೆ ಕಾಫಿಗೆ ಹಾಲಿಟ್ಟು ನಿಂತಿದ್ದಾಗ ಫೋನು ಟಿಣ್ ಎಂದಿತು. ‘ಎರಡು ಹೆಣ್ಣಾನೆ, ಒಂದು ಮರಿ. ಬೆಳಗೋಡು ರಸ್ತೆ ದಾಟಿವೆ. ತೋಟಕ್ಕೆ ಹೋಗುವವರು ಎಚ್ಚರ.’ ಬೇರೆ ಊರಿನವರ ಫೋನಿಗೆ ಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಬರುತ್ತದಂತೆ. ಸಕಲೇಶಪುರ, ಆಲೂರಿನವರಾದ ನಮಗೆ ಆನೆ ಬರುತ್ತದೆ. ರಾತ್ರಿ ಎಲ್ಲಿತ್ತು, ಈಗ ಯಾವ ಎಸ್ಟೇಟಿನಲ್ಲಿದೆ, ಜೊತೆಗೆ ಯಾರಿದ್ದಾರೆ ಎಲ್ಲ ಗೊತ್ತಾಗುತ್ತದೆ. ನಮ್ಮ ನೆಂಟರಿಷ್ಟರ ವಿಷಯ ಇಷ್ಟು ಸರಿಯಾಗಿ ನಮಗೆ ಗೊತ್ತಿರುವುದಿಲ್ಲ. ನಾನು ಪೇಟೆಯಲ್ಲಿರುವವಳು, ರಿಟೈರಾದ ಮೇಷ್ಟ್ರಮ್ಮ, ಒಂದು ಗಿಡ ಕಾಫಿಯೂ ಇಲ್ಲದವಳು. ಆನೆ ಸುದ್ದಿ ಕೊಡುವ ಅರಣ್ಯ ಇಲಾಖೆಯ ಈ ವಾಟ್ಸಾಪ್ ಗುಂಪಿನಿಂದ ಎಂದೋ ಹೊರಗೆ ಬರಬಹುದಿತ್ತು, ಬಂದಿಲ್ಲ. ಓದುತ್ತ ನಿಂತಿದ್ದಕ್ಕೆ ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಒರೆಸಿ ಬಂದು ಇಲ್ಲಿ ಬರೆಯಲು ಕೂತಿದ್ದೇನೆ. ಯಾಕೆಂದರೆ ಇಂಥದ್ದೇ ಒಂದು ಮೆಸೇಜು ಓದಿ ನಾನು ನಮ್ಮ ಗಂಗತ್ತೆಯ ಮನೆ ಬಿಡಿಸಿದ್ದೇನೆ. ಅದನ್ನು ಯಾರಿಗಾದರೂ ಸರಿಯಾಗಿ ಹೇಳಬೇಕು, ನೀವು ಸಿಕ್ಕಿದ್ದೀರಿ.

ಗಂಗತ್ತೆ ನಮ್ಮ ಅಪ್ಪನ ತಂಗಿ. ಹತ್ತೊಂಬತ್ತನೇ ವಯಸ್ಸಿಗೆ ಆಲೂರು ಕಡೆಗೆ ಮದುವೆಯಾಗಿ ಹೋಗಿ, ಎಂಟೇ ತಿಂಗಳಿಗೆ ಒಂದು ಟ್ರಂಕು ಹಿಡಿದು ಬಸ್ಸಿನಿಂದ ಇಳಿದಳಂತೆ. ಆಗ ನಾನು ನಾಲ್ಕೈದು ವರ್ಷದವಳು, ಟ್ರಂಕು ಮಾತ್ರ ನೆನಪಿದೆ. ಹೊಡೆದರೇನೇ, ಬೈದರೇನೇ, ಕುಡೀತಾನೇನೇ ಅಂತ ಅಜ್ಜಿ ಒಂದೊಂದಾಗಿ ಕೇಳಿದಳಂತೆ. ಎಲ್ಲದಕ್ಕೂ ಇಲ್ಲ ಅಂದಳಂತೆ ಗಂಗತ್ತೆ. ‘ಎಂಟು ತಿಂಗ್ಳಾಯ್ತು ಕಣವ್ವಾ, ನಿಂಗೇನು ಬೇಕು ಅಂತ ಒಬ್ರೂ ಒಂದಿನ ಕೇಳ್ಲಿಲ್ಲ. ಕೋಣೆ ಬಾಗ್ಲು ತೆಗೀಬೇಕಾದ್ರೂ ನಾನೇ ಕೇಳ್ಬೇಕು’ ಅಂದಳಂತೆ. ಇದೂ ಒಂದು ಕಾರಣವೇ ಅಂತ ಊರು ನಕ್ಕಿತು. ಮರಳಿ ಕಳಿಸಲು ಎರಡು ಸಲ ಹಿರಿಯರು ಕೂತರು. ಅವಳು ಹೋಗಲಿಲ್ಲ.

ನಲವತ್ತಾದಾಗ ಇನ್ನೊಂದು ಮಾಡಿದಳು. ಅದನ್ನು ನಾನೇ ಕಂಡಿದ್ದೇನೆ. ಅಣ್ಣತಮ್ಮಂದಿರ ಮನೆಯಲ್ಲಿ ಇಪ್ಪತ್ತು ವರ್ಷ ಎಲ್ಲರ ಬಾಣಂತನ ಮಾಡಿ, ಒಂದು ದಿನ ಅಜ್ಜನ ಮುಂದೆ ನಿಂತು, ಯಸಳೂರು ರಸ್ತೆಯ ಮೂಲೆಯ ಎರಡೆಕರೆ ನನಗೆ ಬಿಡಿ, ನಾನು ಬೇರೆ ಇರುತ್ತೇನೆ ಅಂದಳು. ಅಜ್ಜ ಬಾಯಲ್ಲಿ ಹೂಂ ಅಂದ. ಕಾಗದಪತ್ರ ಆಗಲಿಲ್ಲ, ಹೆಣ್ಣುಮಗಳಿಗೆ ಬಾಯಿಮಾತು ಸಾಕು ಅನ್ನುವ ಕಾಲ. ಅಲ್ಲಿ ಎರಡು ಕೋಣೆಯ ಹೆಂಚಿನ ಮನೆ ಎದ್ದಿತು. ಕಾಫಿ ಹಾಕಿದಳು, ಮೆಣಸು ಹಬ್ಬಿಸಿದಳು, ಮಳೆಗೆ ಮುಂಚೆ ಮರಗಸಿಗೆ ಆಳು ಬಂದರೆ ಕೆಳಗೆ ನಿಂತು, ಯಾವ ಕೊಂಬೆ ಕಡಿಯಬೇಕು ಅಂತ ಕೋಲಿನಲ್ಲಿ ತೋರಿಸುತ್ತಿದ್ದಳು. ಹೆಣ್ಣಿಗೆ ಹಠ ಇರಬಾರದು, ಗಂಡಿಗೆ ಚಟ ಇರಬಾರದು ಅಂತ ನಮ್ಮಲ್ಲೊಂದು ಗಾದೆ. ಗಂಡಸರ ಚಟಗಳನ್ನು ನಮ್ಮ ಮನೆ ಮೂರು ತಲೆಮಾರು ಸಹಿಸಿಕೊಂಡಿದೆ, ಗಂಗತ್ತೆಯ ಹಠದ ಬಗ್ಗೆ ಮಾತ್ರ ಪ್ರತಿ ಮದುವೆಯಲ್ಲೂ ಮಾತು ಬರುತ್ತಿತ್ತು.

ನೋಡಿ, ಅವಳು ಜೀವನವಿಡೀ ಮಾಡಿದ್ದು ಒಂದೇ ಕೆಲಸ, ತನಗೆ ಬೇಕಾದಲ್ಲಿ ಇರುವುದು. ಹತ್ತೊಂಬತ್ತಕ್ಕೆ ಅದನ್ನು ಕೊಬ್ಬು ಅಂದರು. ನಲವತ್ತಕ್ಕೆ ಹಠ ಅಂದರು. ಎಪ್ಪತ್ತೆರಡಕ್ಕೆ ಅರಳುಮರಳು ಅಂದೆವು. ಮೊದಲಿನ ಎರಡರಲ್ಲಿ ನನ್ನ ಪಾಲಿಲ್ಲ. ಮೂರನೆಯದರಲ್ಲಿ ಇದೆ.

ನನ್ನ ಧೈರ್ಯದ ವಿಷಯ ಕೇಳುತ್ತೀರಾ? ಮೂವತ್ತು ವರ್ಷ ಕರಿಹಲಗೆಯ ಮೇಲೆ ‘ಧೈರ್ಯಂ ಸರ್ವತ್ರ ಸಾಧನಂ’ ಅಂತ ದುಂಡಗೆ ಬರೆದವಳು ನಾನು. ಇನ್‌ಸ್ಪೆಕ್ಟರು ಬಂದರೆ ಅದೇ ಹಲಗೆಯ ಹಿಂದೆ ನಿಂತು ಬೆವರುತ್ತಿದ್ದೆ. ನನ್ನ ಗಂಡನನ್ನು ಅಪ್ಪ ಆರಿಸಿದರು, ಮನೆಯನ್ನು ಗಂಡ ಆರಿಸಿದರು. ನಾನಾಗಿ ಆರಿಸಿದ್ದು ಸ್ಕೂಟರಿನ ಬಣ್ಣ ಒಂದೇ. ಅದೂ ಅಂಗಡಿಯಲ್ಲಿ ನಾನು ಕೇಳಿದ ನೀಲಿ ಇರಲಿಲ್ಲ, ಬೂದು ಕೊಟ್ಟರು, ಅದನ್ನೇ ತೆಗೆದುಕೊಂಡು ಬಂದೆ. ಇಂಥವಳಿಗೆ ಗಂಗತ್ತೆ ಅಂದರೆ ಪ್ರಾಣ. ಬೇಸಿಗೆ ರಜೆಗೆ ಅವಳ ಮನೆಗೆ ಹೋಗಿ ಒಂದು ವಾರ ಅವಳ ಧೈರ್ಯವನ್ನು ಉಂಡು, ಮರಳಿ ಬಂದು ನನ್ನ ಪಾಡಿಗೆ ಹೆದರಿಕೊಂಡು ಇರುತ್ತಿದ್ದೆ.

ಆನೆಯ ವಿಷಯವನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮ ಕಡೆ ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬಾರದೆ ಇದ್ದದ್ದು ಉಂಟು. ಗಂಗತ್ತೆಗೂ ಭಯವಿತ್ತು. ಆದರೆ ಅವಳದು ಕೆಲಸ ಮಾಡುವ ಭಯ, ನನ್ನ ಹಾಗೆ ಕೂತು ನಡುಗುವ ಭಯ ಅಲ್ಲ. ಆನೆ ಅಂತ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ದೊಡ್ಡೋರು ಅನ್ನುತ್ತಿದ್ದಳು. ‘ದೊಡ್ಡೋರು ನಮ್ಮನ್ನ ನೋಡೋಕೆ ಬರಲ್ಲ ಕಣೇ, ಉಣ್ಣೋಕೆ ಬರ್ತಾರೆ. ಉಣ್ಣೋಕೆ ಏನೂ ಇಲ್ದಿದ್ರೆ ದಾಟ್ಕೊಂಡು ಹೋಗ್ತಾರೆ’ ಅಂತ ಅವಳ ಲೆಕ್ಕ. ಮನೆಯಲ್ಲಿ ಭತ್ತ ಇಡುತ್ತಿರಲಿಲ್ಲ. ಅಂಗಳದ ಬಾಳೆ ತಾನೇ ಕಡಿಸಿದ್ದಳು. ಗೇಟಿನ ಪಕ್ಕ ದೊಡ್ಡದೊಂದು ಹಲಸಿನ ಮರವಿತ್ತು. ಹಲಸು ಹಣ್ಣಾದರೆ ಆ ಗಮಲು ಗುಡ್ಡದಾಚೆಗೂ ಹೋಗುತ್ತದೆ, ಮರ ಹುಡುಕಿಕೊಂಡು ಬಂದೇಬಿಡುತ್ತವೆ. ಅದಕ್ಕೆ ಪ್ರತಿ ವರ್ಷ ಯುಗಾದಿ ಕಳೆಯುತ್ತಲೇ ಆಳು ಹತ್ತಿಸಿ ಕಾಯಿಯಿದ್ದಾಗಲೇ ಒಂದೂ ಬಿಡದೆ ಕೀಳಿಸುತ್ತಿದ್ದಳು. ಎರಡು ಮೂಟೆ ಕಟ್ಟಿ, ಯಸಳೂರು ಬಸ್ಸಿನ ಕಂಡಕ್ಟರಿಗೆ ಹೇಳಿ ಒಂದನ್ನು ನನಗೆ ಕಳಿಸುತ್ತಿದ್ದಳು. ನಾನು ಪಲ್ಯ ಮಾಡಿ, ಓಣಿಗೆಲ್ಲ ಹಂಚಿ, ನಮ್ಮತ್ತೆಯ ತೋಟದ್ದು ಅಂತ ಜಂಬ ಕೊಚ್ಚುತ್ತಿದ್ದೆ.

ನಮ್ಮಣ್ಣನ ಮನೆ ಅಲ್ಲಿಂದ ಒಂದು ಮೈಲಿ. ಎರಡು ವರ್ಷದ ಹಿಂದೆ, ಮಳೆ ಇನ್ನೇನು ಹಿಡಿಯುತ್ತದೆ ಅನ್ನುವಾಗ, ಅವನು ಪೇಟೆಗೆ ಬಂದು ನಮ್ಮ ಜಗಲಿಯಲ್ಲಿ ಕೂತ.

‘ಅತ್ತೆ ಒಬ್ಳೇ ಅಲ್ಲಿರೋದು ಸರಿ ಇಲ್ಲ ಕಣೇ. ಏನಾದ್ರೂ ಆದ್ರೆ ಜನ ನನ್ನ ಮುಖಕ್ಕೆ ಉಗೀತಾರೆ. ನಾನು ಹೇಳಿದ್ರೆ ಬಾಗ್ಲು ಹಾಕ್ಕಂತಾಳೆ. ಅರವತ್ತಕ್ಕೇ ಅರಳುಮರಳು ಅಂತಾರೆ, ಇವ್ಳಿಗೆ ಎಪ್ಪತ್ತೆರಡು. ನೀನೇ ಏನಾದ್ರೂ ಹೇಳಿ ಕರ್ಕೊಂಡು ಬಂದ್ಬುಡು.’

‘ಏನು ಹೇಳ್ಲಿ?’

‘ಮೇಷ್ಟ್ರಮ್ಮ ನೀನು. ನಿಂಗೆ ಹೇಳ್ಕೊಡ್ಬೇಕಾ?’

ಅವನ ಮನಸ್ಸಿನಲ್ಲಿ ಇನ್ನೇನಿತ್ತು ಅಂತ ನನಗೆ ಗೊತ್ತಿರಲಿಲ್ಲ ಅಂತ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪೂರ್ತಿ ಗೊತ್ತಿರಲಿಲ್ಲ, ಅಷ್ಟೆ. ನನಗಾಗ ಬೇಕಾಗಿದ್ದು ನನ್ನ ನೆಮ್ಮದಿ. ಪ್ರತಿ ಸಲ ಫೋನು ಟಿಣ್ ಅಂದಾಗಲೂ ಎದೆ ಹಾರುವುದು ನಿಲ್ಲಬೇಕಿತ್ತು. ಪರರ ಕ್ಷೇಮಕ್ಕೆ ಅಂತ ನಾವು ಮಾಡುವ ಕೆಲಸಗಳಲ್ಲಿ ಎಷ್ಟು ನಮ್ಮ ನಿದ್ದೆಗಾಗಿ ಮಾಡಿದ್ದು ಅಂತ ಯಾರೂ ಕೇಳುವುದಿಲ್ಲ, ಪುಣ್ಯ.

ಬಶೀರಣ್ಣನ ಜೀಪು ಮಾಡಿಕೊಂಡು ಹೋದೆ. ನಮ್ಮ ಓಣಿಯವರಿಗೆಲ್ಲ ತೋಟಕ್ಕೆ ಹೋಗಲು ಅವರೇ ಗತಿ. ಅತ್ತೆ ಅಂಗಳದಲ್ಲಿ ಮೆಣಸಿನ ಬಳ್ಳಿಗೆ ಹುರಿ ಕಟ್ಟುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಾನು ಫೋನು ತೆಗೆದು, ಯಾವಾಗಲೋ ಹಾನುಬಾಳು ಕಡೆಯಿಂದ ಬಂದಿದ್ದ ಒಂದು ಹಳೇ ಮೆಸೇಜನ್ನು ಎದುರಿಗೆ ಹಿಡಿದು, ಪಾಠ ಓದುವ ದನಿಯಲ್ಲಿ ಓದಿದೆ. ಊರಿನ ಹೆಸರು ಬದಲಾಯಿಸಿದೆ. ಗಂಡಾನೆ, ಒಂಟಿ, ಮದವೇರಿದೆ ಅಂದೆ. ಸಾಲದು ಅನ್ನಿಸಿತು. ನಿಮ್ಮ ಗೇಟಿನ ಹಲಸಿನ ಮರಕ್ಕೇ ಬಂದಿತ್ತಂತೆ, ಹಣ್ಣು ಕಿತ್ತು ತಿಂದು ಅಲ್ಲೇ ಕಾಡಿನ ಅಂಚಿನಲ್ಲಿ ನಿಂತಿದೆಯಂತೆ, ಒಂಟಿಯಾಗಿರುವವರೆಲ್ಲ ಮನೆ ಬಿಡಬೇಕು ಅಂತ ಫಾರೆಸ್ಟ್ ಆಫೀಸಿನವರು ಬರೆದಿದ್ದಾರೆ ಅಂತ ನನ್ನ ಕೈಯಿಂದ ಸೇರಿಸಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಅಗತ್ಯಕ್ಕಿಂತ ಹೆಚ್ಚು ಹೇಳುತ್ತಾರೆ.

ಅತ್ತೆ ಹುರಿ ಕಟ್ಟುವುದನ್ನು ನಿಲ್ಲಿಸಿದಳು. ‘ನಮ್ಮ ಗೇಟಿನ ಮರಕ್ಕಾ?’ ಅಂದಳು.

‘ಹೂಂ ಅತ್ತೆ. ಇಲ್ಲಿ ಬರೆದಿದಾರೆ.’

‘ಬರ್ದಿದಾರಾ? ಸರಿ.’

ಅಷ್ಟೇ. ವಾದಿಸುತ್ತಾಳೆ ಅಂತ ನಾನು ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬೇಕಾಗಲಿಲ್ಲ. ಕೋಳಿಗಳನ್ನು ಪಕ್ಕದ ತೋಟದ ಲೈನುಮನೆಯ ಕೂಲಿಯವರಿಗೆ ಕೊಟ್ಟಳು. ಎರಡು ಸೀರೆ, ಒಂದು ಕತ್ತಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟಳು. ಗೇಟು ದಾಟುವಾಗ, ‘ಬಶೀರಪ್ಪ, ಒಂಚೂರು ನಿಲ್ಸು’ ಅಂದಳು. ಜೀಪಿನಿಂದ ತಲೆ ಹೊರಗೆ ಹಾಕಿ ಹಲಸಿನ ಮರವನ್ನು ಬುಡದಿಂದ ತುದಿಯವರೆಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಪಾಪ, ನೆಟ್ಟು ಬೆಳೆಸಿದ ಮರ ಬಿಟ್ಟು ಹೋಗಲು ಸಂಕಟ ಅಂತ ನಾನು ಅಂದುಕೊಂಡೆ, ಅವಳ ಬೆನ್ನು ಸವರಿದೆ ಕೂಡ.

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ತಿಂಗಳು ಇದ್ದಳು. ಕಿಟಕಿ ತೆಗೆದರೆ ಪಕ್ಕದವರ ಕಾಂಪೌಂಡು. ಯಾವುದಕ್ಕೂ ತಕರಾರಿಲ್ಲ. ‘ಫ್ಯಾನ್ ಹಾಕ್ಕಳ್ಲಾ?’ ‘ಇನ್ನೊಂಚೂರು ಸಾರು ಹಾಕ್ಕಳ್ಲಾ?’ ‘ಹೊರಗೆ ಜಗಲೀಲಿ ಕೂತ್ಕಳ್ಲಾ?’ ಎಲ್ಲಕ್ಕೂ ಕೇಳುತ್ತಿದ್ದಳು. ಎಷ್ಟು ಹೊಂದಿಕೊಂಡರು ನಿಮ್ಮತ್ತೆ ಅಂತ ಓಣಿಯವರು ಹೊಗಳಿದರು. ಈ ಕಾಲದಲ್ಲಿ ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ನನ್ನನ್ನೂ ಹೊಗಳಿದರು. ನಾನು ಬೇಡ ಬೇಡ ಅನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

ಅಷ್ಟರಲ್ಲಿ ಅಣ್ಣ ನನ್ನಿಂದ ಬೀಗದ ಕೈ ಇಸಿದುಕೊಂಡು, ಆ ಹೆಂಚಿನ ಮನೆಗೆ ಹೊಸ ಬಣ್ಣ ಬಳಿಸಿ, ಬಚ್ಚಲಿಗೆ ಟೈಲ್ಸ್ ಹಾಕಿಸಿ, ಹೋಂಸ್ಟೇ ಮಾಡಿದ. ‘ಕಾಡಿನಂಚಿನ ಏಕಾಂತ. ಅದೃಷ್ಟವಿದ್ದರೆ ಆನೆ ಕಾಣಬಹುದು’ ಅಂತ ಬೋರ್ಡು. ಒಂಟಿ ಹೆಂಗಸು ಇರಬಾರದ ಜಾಗದಲ್ಲಿ ಈಗ ಶನಿವಾರ ಬಂತೆಂದರೆ ಮಕ್ಕಳುಮರಿ ಕಟ್ಟಿಕೊಂಡು ಜನ ಬಂದು ಇರುತ್ತಾರೆ. ಅತ್ತೆಗೆ ನಾನು ಹೇಳಲಿಲ್ಲ. ಯಾರೋ ಹೇಳಿದರು.

ಕೊನೆಯ ತಿಂಗಳಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದೆ. ಸುಮ್ಮನೆ, ಬೇಸರವೂ ಇಲ್ಲದ ದನಿಯಲ್ಲಿ ಅಂದಳು: ‘ಆ ವರ್ಷದ ಹಲಸಿನಕಾಯಿ ಪಲ್ಯ ಚೆನ್ನಾಗಿತ್ತಾ?’

ನಾನು ಲೋಟ ಕೆಳಗಿಟ್ಟೆ.

‘ಎಲ್ಲಾ ಕೀಳ್ಸಿ ಒಂದು ಮೂಟೆ ನಿಂಗೇ ಕಳ್ಸಿದ್ನಲ್ಲೇ ಮಗಾ. ಒಂದು ಕಾಯಿ ಇರ್ಲಿಲ್ಲ ಆ ಮರದಲ್ಲಿ. ದೊಡ್ಡೋರು ಏನು ತಿನ್ನೋಕೆ ಬಂದಿದ್ರು?’

ಹೌದು. ಆ ಮರದ ಕಾಯಿಯನ್ನು ಬೇಯಿಸಿ ತಿಂದು ಅರಗಿಸಿಕೊಂಡವಳು ನಾನೇ. ಬೇರೆ ಯಾವ ಮರದ ಹೆಸರು ಹೇಳಿದ್ದರೂ ನಡೆಯುತ್ತಿತ್ತು. ‘ಗೊತ್ತಿದ್ದೂ ಯಾಕೆ ಬಂದೆ ಅತ್ತೆ?’ ಅಂದೆ. ಅಳು ಬಂದಿತ್ತು, ಅದರಿಂದ ಏನಾದರೂ ಪ್ರಯೋಜನವಾದೀತು ಅನ್ನುವ ಹಾಗೆ.

‘ಒಬ್ಳೇ ಇರೋಕೆ ಧೈರ್ಯ ಒಂದೇ ಸಾಲಲ್ಲ ಕಣೇ. ಕೂಗಿದ್ರೆ ನಿಜ ಹೇಳೋರು ಒಬ್ರು ಬೇಕು. ನಂಗೆ ಇದ್ದಿದ್ದು ನೀನೊಬ್ಳು. ನೀನೇ ಫೋನ್ ಹಿಡ್ಕೊಂಡು ಹಂಗೆ ಓದ್ದೆ ಅಂದ್ಮೇಲೆ, ನಾಳೆ ಕಾಲು ಮುರ್ಕೊಂಡು ಬಿದ್ರೆ ಯಾರ್ನ ಕರೀಲಿ? ಅದ್ಕೇ ಬಂದ್ಬುಟ್ಟೆ.’ ಆಮೇಲೆ, ‘ಗಂಜಿ ಆರ್ತೈತೆ, ಕೊಡು’ ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಗುಳವನ್ನು ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗಬಹುದು. ಒಬ್ಬಳು ಹೆಂಗಸು ಎಪ್ಪತ್ತು ವರ್ಷ ಗಂಡನಿಗೆ, ಊರಿಗೆ, ಆನೆಗೆ ಬಗ್ಗದೆ ಇದ್ದು, ತನ್ನನ್ನು ಪ್ರೀತಿಸುವವಳ ಕೈಯಲ್ಲಿ ಮುರಿದುಹೋದಳು. ಅವಳನ್ನು ಮುರಿಯಲು ನನಗೆ ಬೇಕಾದದ್ದು ಐದು ನಿಮಿಷ.

ಕಳೆದ ಭಾನುವಾರ ಅಣ್ಣನ ಮನೆಯಲ್ಲಿ ಅವಳು ತೀರಿಕೊಂಡು ವರ್ಷ ತುಂಬಿದ ಎಡೆ. ನೆಂಟರು ಸಾಲಾಗಿ ಉಣ್ಣಲು ಕೂತಿದ್ದರು. ಕೊನೆಗಾಲದಲ್ಲಿ ಹೆತ್ತ ಮಗಳ ಹಾಗೆ ನೋಡಿಕೊಂಡೆಯಮ್ಮ ಅಂತ ಯಾರೋ ಅಂದರು. ನನಗೆ ತಡೆಯಲಾಗಲಿಲ್ಲ. ‘ಸುಳ್ಳು ಹೇಳಿ ಕರ್ಕೊಂಡು ಬಂದಿದ್ದು ನಾನು. ಯಾವ ಆನೆಯೂ ಬಂದಿರ್ಲಿಲ್ಲ’ ಅಂದೆ, ಎಲ್ಲರಿಗೂ ಕೇಳುವ ಹಾಗೆ. ಅರವತ್ತು ವರ್ಷಕ್ಕೆ ನಾನು ತೋರಿದ ಮೊದಲ ಧೈರ್ಯ ಇದು. ಅಣ್ಣ ಕಡುಬು ಬಡಿಸುತ್ತಿದ್ದವನು, ‘ಒಳ್ಳೇದಕ್ಕೆ ಹೇಳಿದ್ದು ಸುಳ್ಳಾಗಲ್ಲ ಬುಡು’ ಅಂದು ನನ್ನ ಎಲೆಗೆ ಎರಡು ಹಾಕಿದ. ಯಾರೂ ತಲೆ ಎತ್ತಲಿಲ್ಲ. ಚಿಕ್ಕಪ್ಪನ ಮಗ ಪಕ್ಕದಲ್ಲಿದ್ದ. ಅವನು ಹಾಸನದಲ್ಲಿ ಅಂಗಡಿ ಇಟ್ಟವನು, ಅವನ ತಾಯಿ, ನಮ್ಮ ಚಿಕ್ಕಮ್ಮ, ಹಾನುಬಾಳಿನಲ್ಲಿ ಒಬ್ಬಳೇ ಇದ್ದಾಳೆ. ಅವನು ನನ್ನ ಕಡೆ ವಾಲಿ ಪಿಸುಗುಟ್ಟಿದ: ‘ಅಕ್ಕಾ, ಅದೇನಂತ ಹೇಳಿದ್ಯೋ ನಂಗೂ ಸ್ವಲ್ಪ ಹೇಳ್ಕೊಡು. ನಮ್ಮಮ್ಮ ಬಾ ಅಂದ್ರೆ ಬರಲ್ಲ ಅಂತಾಳೆ.’

ಇಷ್ಟು ಬರೆದ ಮೇಲೆ ಈಗ ಎದ್ದು ಚಿಕ್ಕಮ್ಮನಿಗೆ ಫೋನು ಮಾಡಿದೆ. ಅವಳು ಎತ್ತಿದಳು. ‘ಚಿಕ್ಕಮ್ಮಾ, ನಿನ್ನ ಮಗ ಬಂದು ಆನೆ ಅಂತಲೋ ಇನ್ನೊಂದು ಅಂತಲೋ ಏನಾದ್ರೂ ಹೇಳಿದ್ರೆ ತಕ್ಷಣ ಹೊರಡ್ಬೇಡ. ನಂಗೊಂದು ಫೋನ್ ಮಾಡು. ನಿಜ ಏನು ಅಂತ ವಿಚಾರಿಸಿ ನಾನು ಹೇಳ್ತೀನಿ’ ಅಂದೆ.



‘ನೀನಾ ಕಣವ್ವಾ ಹೇಳೋದು?’ ಅಂದಳು ಚಿಕ್ಕಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ‘ಗಂಗಕ್ಕ ನನ್ನತ್ರ ಎಲ್ಲಾ ಹೇಳಿದ್ಲು. ಆಯ್ತು, ಒಲೆ ಮೇಲೆ ಕುಕ್ಕರ್ ಕೂಗ್ತೈತೆ, ಇಡ್ತೀನಿ.’

ನನಗೆ ಯಾವ ಕುಕ್ಕರಿನ ಸದ್ದೂ ಕೇಳಿಸಿರಲಿಲ್ಲ.